ನಲವತ್ತು ಮಂದಿಗೆ ಒಂದು ದಿನ, ಒಂದು ಬೊಂಬೆ

ಪ್ರಶ್ನೆ: ನಮ್ಮೂರು ಹಿರಿಯೂರು ಮತ್ತು ಚಿತ್ರದುರ್ಗದ ನಡುವೆ ಹೆದ್ದಾರಿಗೆ ಅಂಟಿಕೊಂಡಿದೆ. ಯುವಕ ಸಂಘದ 40 ಸದಸ್ಯರಿಗೆ ಪ್ರಥಮ ಚಿಕಿತ್ಸೆಯ ಶಿಬಿರ ಏರ್ಪಡಿಸಿ ಪ್ರಮಾಣಪತ್ರ ಕೊಡಿಸಬೇಕೆಂದಿದ್ದೇವೆ. ಒಂದು ದಿನ ಸಾಕೇ?

ಉತ್ತರ: ಪ್ರಮಾಣಪತ್ರಕ್ಕೆ ಸಾಕು, ಗಾಯಾಳುವಿಗೆ ಸಾಲದು. ಶಿಬಿರಕ್ಕೆ ನನ್ನನ್ನು ಕರೆಯುವವರೆಲ್ಲರೂ ಇದನ್ನೇ ಕೇಳುವುದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಉದ್ಘಾಟನೆ, ಶಾಲು, ಹಾರ, ಊಟ ಕಳೆದರೆ ಉಳಿಯುವುದು ನಾಲ್ಕು ಗಂಟೆ. ನಾನು ಒಂದು ಮಾತನ್ನೂ ಆಡದಿದ್ದರೂ, ಹೃದಯ ನಿಂತವರ ಎದೆ ಒತ್ತುವುದನ್ನು (ಸಿಪಿಆರ್) ಅಭ್ಯಾಸ ಮಾಡುವ ಒಂದೇ ಬೊಂಬೆಯ ಮೇಲೆ 40 ಮಂದಿಗೆ ತಲಾ ಸಿಗುವುದು ಆರು ನಿಮಿಷ. ಎದೆಯ ನಡುವೆ ಅಂಗೈ ಊರಿ, ಮೊಣಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಿ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡುವುದು ನೋಡಿ ಕಲಿಯುವ ವಿದ್ಯೆಯಲ್ಲ. ಹೊಲ ಉತ್ತು ಪಳಗಿದ ಕೈಯೂ ಎರಡು ನಿಮಿಷದಲ್ಲಿ ಸೋಲುತ್ತದೆ. ಆಗ ಒತ್ತುವುದನ್ನು ಮತ್ತೊಬ್ಬರಿಗೆ ಬಿಟ್ಟುಕೊಡುವ ಕ್ರಮ ಅಭ್ಯಾಸದಿಂದಲೇ ಬರಬೇಕು. ಹೀಗೆ ಕಲಿತದ್ದೂ ಮರು ಅಭ್ಯಾಸವಿಲ್ಲದಿದ್ದರೆ ಮೂರರಿಂದ ಆರು ತಿಂಗಳಲ್ಲಿ ಮಸುಕಾಗುತ್ತದೆ.

ಆದ್ದರಿಂದ 10 ಮಂದಿ ಸಾಕು; ಎರಡು ಪೂರ್ಣ ದಿನ ಕೊಡಿ, ಆಮೇಲೆ ಮೂರು ತಿಂಗಳಿಗೊಮ್ಮೆ ಅರ್ಧ ದಿನ. ಅವರನ್ನು ಸಂಘದ ಪಟ್ಟಿಯಿಂದ ಆರಿಸಬೇಡಿ. ಬೆಳಗಿನ ಬಸ್ಸಿಗೆ ಪೇಟೆಗೆ ಹೋಗುವ ಹುಡುಗ ಎಷ್ಟೇ ಚುರುಕಾಗಿದ್ದರೂ ಮಧ್ಯಾಹ್ನ ಲಾರಿ ಮಗುಚಿದಾಗ ಊರಲ್ಲಿರುವುದಿಲ್ಲ. ಪಂಕ್ಚರ್ ಅಂಗಡಿಯವರು, ಡಾಬಾದವರು, ಹಾಲಿನ ಡೇರಿಯವರು, ಆಶಾ ಕಾರ್ಯಕರ್ತೆ ಇರುತ್ತಾರೆ. ಹೆಣ್ಣುಮಕ್ಕಳಿಲ್ಲದ ಶಿಬಿರಕ್ಕಂತೂ ನಾನು ಬರುವುದಿಲ್ಲ.

ಕಲಿಸಬೇಕಾದ ಮೊದಲನೆಯದು ಚಿಕಿತ್ಸೆಯೇ ಅಲ್ಲ. ಹಿಂದಿನಿಂದ ಬರುವ ವಾಹನಗಳನ್ನು ದೂರದಲ್ಲೇ ಎಚ್ಚರಿಸಲು ಒಬ್ಬರನ್ನು ನಿಲ್ಲಿಸದಿದ್ದರೆ, ಸಹಾಯಕ್ಕೆ ಓಡಿದವರೇ ಎರಡನೆಯ ಅಪಘಾತಕ್ಕೆ ಸಿಕ್ಕಿಬೀಳುತ್ತಾರೆ. ಎರಡನೆಯದು 108ಕ್ಕೆ ಸರಿಯಾಗಿ ಮಾತನಾಡುವುದು. ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ, ಬೆಂಗಳೂರಿಗೆ ಹೋಗುವ ಬದಿಯೋ ದಾವಣಗೆರೆಗೆ ಹೋಗುವ ಬದಿಯೋ ಎಂಬುದನ್ನೂ ಹೇಳಲೇಬೇಕು. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಆಚೆ ಬದಿಗೆ ಬಂದ ಆಂಬುಲೆನ್ಸ್ ತಿರುವು ಹುಡುಕಿಕೊಂಡು ಮುಂದೆ ಹೋಗಬೇಕಾಗುತ್ತದೆ. ರಕ್ತ ಸುರಿಯುವ ಜಾಗವನ್ನು ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯುವುದು ಅದರ ನಂತರದ್ದು. ಇನ್ನು, "ಎತ್ತಿ ಕೂರಿಸಿ, ನೀರು ಕುಡಿಸಿ" ಎನ್ನುವ ಹಿರಿಯರನ್ನು ಗೌರವದಿಂದಲೇ ಪಕ್ಕಕ್ಕೆ ಸರಿಸಬೇಕು. ಎಲ್ಲಕ್ಕಿಂತ ಕಷ್ಟದ್ದು ಇದೇ.

ಪ್ರಶ್ನೆ: ಸಹಾಯ ಮಾಡಿದವರ ಮೇಲೆ ಕೇಸು ಆಗುವುದಿಲ್ಲವೇ?

ಉತ್ತರ: ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಕೇಸಿನ ಭಯವನ್ನು ನೆಪ ಮಾಡಿಕೊಳ್ಳುವುದನ್ನು ನಿಲ್ಲಿಸಿ.

ಪ್ರಶ್ನೆ: ಹಾವು ಕಚ್ಚಿದಾಗ ಹಗ್ಗ ಬಿಗಿಯುವುದನ್ನು ಸ್ವಯಂಸೇವಕರಿಗೆ ಕಲಿಸುವಿರಾ? ಪಕ್ಕದೂರಿನ ನಾಟಿ ವೈದ್ಯರು ಬೇರು ಕೊಟ್ಟು ಅನೇಕರನ್ನು ಉಳಿಸಿದ್ದಾರೆ.

ಉತ್ತರ: ಕಲಿಸುವುದಿಲ್ಲ. ಹಗ್ಗ ಬಿಗಿದು ಕಪ್ಪಾದ ಕಾಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕುಯ್ಯುವುದು, ಹೀರುವುದು, ವಿಷಕಲ್ಲು ಇಡುವುದು ಎಲ್ಲವೂ ವ್ಯರ್ಥ. ಕಚ್ಚಿದ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಬೇರಿನ ಕೀರ್ತಿಯೆಲ್ಲ ಹೀಗೆ ಬಂದದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. ಆದ್ದರಿಂದ ಹಾವನ್ನು ಹೊಡೆದು ಚೀಲದಲ್ಲಿ ಹಾಕಿ ತರುವ ಸಾಹಸ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಕಾಲು ಅಲುಗದಂತೆ ದಬ್ಬೆ ಕಟ್ಟಿ, ಉಂಗುರ ಕಾಲ್ಗೆಜ್ಜೆ ತೆಗೆದು ಹೊರಡಿಸಿ. ಯಾರಾದರೂ ಮೊದಲೇ ಹಗ್ಗ ಬಿಗಿದಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ಬಿಚ್ಚುತ್ತಾರೆ. ಪ್ರತಿವಿಷ ಎಲ್ಲಿ ಸಿಗುತ್ತದೆಂಬುದನ್ನು ಮಳೆಗಾಲಕ್ಕೆ ಮೊದಲೇ ಕೇಳಿ, ಡೇರಿಯ ಗೋಡೆಯ ಮೇಲೆ ಬರೆದಿಡಿ.

ಪ್ರಶ್ನೆ: ಹೃದಯಾಘಾತವಾದಾಗ ಜೋರಾಗಿ ಕೆಮ್ಮಿದರೆ ಬದುಕಬಹುದೆಂದು ವಾಟ್ಸಾಪ್‌ನಲ್ಲಿ ಬಂದಿದೆ. ಶಿಬಿರದಲ್ಲಿ ಹೇಳಬಹುದೇ?

ಉತ್ತರ: ಅದು ಸುಳ್ಳೆಂದು ಹೇಳಬಹುದು.

ಪ್ರಶ್ನೆ: ಮೂರ್ಛೆ ಬಂದವರ ಕೈಗೆ ಬೀಗದ ಕೈ ಕೊಡುವುದು ಸರಿಯೇ?

ಉತ್ತರ: ಮೂರ್ಛೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಬಾಯಿಗೆ ಏನನ್ನೂ ತುರುಕದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.