ಅದು ಯಾರ ಕಣ್ಣು ಅಂತ ಮೊದ್ಲು ತೋರ್ಸಿ

ಪ್ರಶ್ನೆ: ಸಾರ್, ನಾವು ನಾಲ್ಕು ಜನ ಫ್ರೆಂಡ್ಸ್ ಸೇರ್ಕೊಂಡು ಮೊಬೈಲಲ್ಲೇ ಹತ್ತು ನಿಮಿಷದ ಶಾರ್ಟ್ ಫಿಲಂ ಮಾಡ್ತಿದೀವಿ. ಆಲೆಮನೆಲಿ ಕೆಲ್ಸ ಮಾಡೋ ಅಪ್ಪನ್ನ ಹುಡುಕ್ಕೊಂಡು ರಾತ್ರಿ ಹೊತ್ತು ಒಬ್ನೇ ಬರೋ ಎಂಟು ವರ್ಷದ ಹುಡುಗನ ಕಥೆ. ಪೂರ್ತಿ ಪಿಓವಿ ಶಾಟಲ್ಲೇ, ಅಂದ್ರೆ ಹುಡುಗನ ಕಣ್ಣಿಗೆ ಕಂಡಂಗೇ ತೆಗೆದ್ರೆ ಅವನ ಭಯ ನೋಡೋರಿಗೂ ತಟ್ಟುತ್ತೆ ಅಂತ ನಾನು, ಕ್ಯಾಮೆರಾ ಹಿಡಿಯೋನು ಒಪ್ತಿಲ್ಲ. ಯಾರು ಸರಿ?
– ಒಬ್ಬ ಓದುಗ, ಮಂಡ್ಯ

ಉತ್ತರ: ಕ್ಯಾಮೆರಾ ಹಿಡಿಯೋರೇ ಸರಿ ಕಣ್ರಿ, ಬೇಜಾರ್ ಮಾಡ್ಕೋಬೇಡಿ.

ನಿಮ್ಮ ಐಡಿಯಾನ ಹಾಲಿವುಡ್‌ನೋರು 1947ರಲ್ಲೇ ಮಾಡಿ ನೋಡಿದಾರೆ. ‘ಲೇಡಿ ಇನ್ ದ ಲೇಕ್’ ಅಂತ ಪತ್ತೇದಾರಿ ಪಿಕ್ಚರ್, ರಾಬರ್ಟ್ ಮಾಂಟ್ಗೊಮೆರಿ ತಾನೇ ಡೈರೆಕ್ಟ್ ಮಾಡಿ ತಾನೇ ಹೀರೋ ಆಗಿದ್ದು, ಹೆಚ್ಚುಕಮ್ಮಿ ಇಡೀ ಸಿನಿಮಾ ಆ ಪತ್ತೇದಾರನ ಕಣ್ಣಲ್ಲೇ ಹೋಗುತ್ತೆ, ಹೊಡೆಯೋರು ಕ್ಯಾಮೆರಾಗೇ ಹೊಡೀತಾರೆ, ಅವನ ಮುಖ ಕಾಣೋದು ಕನ್ನಡಿ ಎದುರು ಬಂದಾಗ, ಆಮೇಲೆ ಆಗಾಗ ಡೆಸ್ಕ್ ಹತ್ರ ಬಂದು ನಮ್ಮ ಜೊತೆ ಮಾತಾಡುವಾಗ ಅಷ್ಟೇ. ಮೊದ್ಲು ಮಜಾ ಅನ್ಸುತ್ತೆ. ಆಮೇಲಾಮೇಲೆ ಈ ಮನುಷ್ಯಂಗೆ ನೋವಾಯ್ತೋ, ಸಿಟ್ಟು ಬಂತೋ ಏನೂ ಗೊತ್ತಾಗಲ್ಲ, ಯಾಕಂದ್ರೆ ಮುಖಾನೇ ಇಲ್ವಲ್ಲ.

ಭಯ ಇರೋದು ಹುಡುಗನ ಮುಖದಲ್ಲಿ ಸ್ವಾಮಿ, ಅವನು ನೋಡೋ ಕತ್ತಲಲ್ಲಲ್ಲ. ಡೈರೆಕ್ಟರ್ ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954) ನೋಡಿ, ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡು ಕಿಟಕಿ ಹತ್ರ ಕೂತವನ ಮುಖ, ಆಮೇಲೆ ಎದುರುಮನೆಲಿ ಅವನಿಗೆ ಕಂಡಿದ್ದು, ತಿರ್ಗಾ ಅವನ ಮುಖ. ಇಷ್ಟನ್ನೇ ತಿರುಗಿಸಿ ಮುರುಗಿಸಿ ಇಡೀ ಸಿನಿಮಾ ಕಟ್ಟಿದಾನೆ.

ನಿಮ್ ಕಥೆಗೆ ಬರೋಣ. ಹುಡುಗ ತಡಿಕೆ ಸಂದೀಲಿ ಇಣುಕ್ತಾನೆ ಅನ್ಕೊಳ್ಳಿ. ಮೊದ್ಲು ಅವನ ಮುಖ, ಒಲೆ ಬೆಂಕಿ ಬೆಳಕು ಕೆನ್ನೆ ಮೇಲೆ ಕುಣೀತಿರ್ಲಿ. ಆಮೇಲೆ ಅವನಿಗೆ ಕಂಡಿದ್ದು: ಮೊಬೈಲ್ ಅವನ ಕಣ್ಣಿನ ಮಟ್ಟಕ್ಕೇ ಇಳೀಬೇಕು, ಅಂದ್ರೆ ನಿಮ್ಮ ಸೊಂಟದಿಂದ ಸ್ವಲ್ಪ ಮೇಲೆ, ಫ್ರೇಮಿನ ಎರಡೂ ಪಕ್ಕ ತಡಿಕೆ ಮಸಮಸಕಾಗಿ ಕಾಣ್ಲಿ, ಆಚೆ ಕೊಪ್ಪರಿಗೆಲಿ ಕಬ್ಬಿನ ಹಾಲು ಕುದೀತಿರೋದು, ಆವಿ, ಆವಿ ಹಿಂದೆ ಅಪ್ಪನ ಬೆನ್ನು. ಆ ಮಟ್ಟದಿಂದ ಕೊಪ್ಪರಿಗೆ ಕೆರೆಯಷ್ಟು ದೊಡ್ಡದಾಗಿ ಕಾಣುತ್ತೆ ನೋಡಿ. ಹುಡುಗ ಬಲಕ್ಕೆ ನೋಡ್ತಿದ್ರೆ ಅಪ್ಪನೂ ಆ ದಿಕ್ಕಲ್ಲೇ ಇರ್ಬೇಕು, ಇಲ್ಲಾಂದ್ರೆ ಇವನು ಯಾರನ್ನ ನೋಡ್ತಿದಾನೆ ಅಂತ ಜನಕ್ಕೆ ಗೊಂದಲ. ಮೊಬೈಲಲ್ಲಿ 0.5 ಅಂತ ಬರೋ ವೈಡ್ ಲೆನ್ಸ್ ಬೇಡ, ಅಪ್ಪ ಮುಂದಿನ ಬೀದಿಲಿ ನಿಂತಂಗೆ ಕಾಣ್ತಾನೆ.

ಇನ್ನು ಅಲುಗಾಟ. ನಡೆಯುವಾಗ ತಲೆ ಅಲ್ಲಾಡಿದ್ರೂ ಕಣ್ಣು ಅದಕ್ಕೆ ತಕ್ಕಂಗೆ ಉಲ್ಟಾ ದಿಕ್ಕಿಗೆ ತಿರುಗಿ ನೋಟಾನ ನಿಲ್ಸುತ್ತೆ, ಕ್ಯಾಮೆರಾಗೆ ಅಷ್ಟು ಭಾಗ್ಯ ಇಲ್ಲ. ನಾನು ಕಾಲೇಜಲ್ಲಿದ್ದಾಗ ಮೈಸೂರಿನ ದೇವರಾಜ ಮಾರ್ಕೆಟ್ಟಲ್ಲಿ ಹೂ ಕೊಳ್ಳೋಕೆ ಬಂದ ಅಜ್ಜಿ ಕಣ್ಣು ಅಂತ ನಾಲ್ಕು ನಿಮಿಷ ಕೈಲೇ ಹಿಡ್ಕೊಂಡು ಓಡಾಡಿ ತೆಗೆದಿದ್ದೆ, ನೋಡಿದ ನಮ್ಮಮ್ಮ ಕೇಳಿದ್ದು ಒಂದೇ ಮಾತು, ‘ಇವನ್ಯಾರೋ ಕುಡ್ಕ, ಮಾರ್ಕೆಟ್ಟಿಗೆ ಯಾಕೆ ಬಂದ?’ ಹಂಗಾಗಿ ಮೊಣಕೈನ ಪಕ್ಕೆಗೆ ಒತ್ಕೊಂಡು ನಿಧಾನಕ್ಕೆ ನಡೀರಿ.

ಕೊನೆಲಿ ಅಪ್ಪ ತಿರುಗ್ತಾನಲ್ಲ, ಅಲ್ಲಿ ಮಾತ್ರ ಅವನು ಸೀದಾ ಲೆನ್ಸನ್ನೇ ನೋಡ್ಲಿ. ಬೇರೆಲ್ಲೂ ಯಾರೂ ನೋಡಬಾರ್ದು, ಲೆನ್ಸಿನ ಪಕ್ಕಕ್ಕೆ ನೋಡ್ಲಿ. ತಕ್ಷಣ ಹುಡುಗನ ಮುಖಕ್ಕೆ ಕಟ್ ಮಾಡಿ, ಸ್ವಲ್ಪ ಜಾಸ್ತಿ ಹೊತ್ತೇ ಇಡಿ.

ಹಾಂ, ಕೊಪ್ಪರಿಗೆ ಹತ್ರ ಹೋದ್ರೆ ಲೆನ್ಸಿಗೆ ಆವಿ ಕೂರುತ್ತೆ, ಜೇಬಲ್ಲಿ ಒಂದು ಹತ್ತಿ ಬಟ್ಟೆ ಇಟ್ಕೊಂಡಿರಿ.