ಪ್ರತಿ: ಬಾಗಿಲ ಮೇಲೆ ‘ನಾಳೆ ಬಾ’, ರಾತ್ರಿ ಅಟ್ಟದಲ್ಲಿ ಬುಸುಗುಟ್ಟುವ ಸದ್ದು
ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದೆ, ರಾತ್ರಿ ಅಟ್ಟದ ಸದ್ದಿಗೆ ಅತ್ತೆ ಹೆದರಿದ್ದಾರೆ ಅಂದಿರಲ್ಲ, ಆ ಸದ್ದು ಬಹುಶಃ ಕಣಜ ಗೂಬೆಯ ಸಂಸಾರದ್ದು. ದೊಡ್ಡದು ಹೆಂಗಸು ಚೀರಿದಂತೆ ಕಿರುಚುತ್ತದೆ, ಹಸಿದ ಮರಿಗಳು ರಾತ್ರಿಯಿಡೀ ಬುಸುಗುಟ್ಟುತ್ತವೆ. ನಮ್ಮ ಹೆಂಚಿನ ಮನೆಯಲ್ಲೂ ಇದೇ ಆಗಿತ್ತು.

ಮೊದಲು ಹಗಲಲ್ಲಿ, ಅಟ್ಟಕ್ಕೆ ಅವು ನುಗ್ಗುವ ಸಂದಿನ ಕೆಳಗೆ ನೋಡಿ. ಸುಣ್ಣ ಚೆಲ್ಲಿದಂಥ ಹಿಕ್ಕೆ, ಇಲಿಯ ಕೂದಲು-ಮೂಳೆ ಸೇರಿದ ಕಪ್ಪು ಉಂಡೆ ಸಿಕ್ಕರೆ ಗೂಬೆಯೇ. ಹಿಕ್ಕೆಯ ತುಂಬ ಹಣ್ಣಿನ ಬೀಜವಿದ್ದರೆ ಪುನುಗು ಬೆಕ್ಕಿರಬಹುದು. ಎರಡನ್ನೂ ಹಿಡಿಯಬೇಡಿ, ಹೊಡೆಯಬೇಡಿ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಬಾಗಿಲ ಬರಹ 1990ರ ದಶಕದ್ದಿರಬೇಕು. ದೆವ್ವ ಮನೆಯವರ ದನಿಯಲ್ಲಿ ಕರೆಯುತ್ತದೆಂಬ ವದಂತಿಗೆ ಹೆದರಿ, ಅದು ಓದಿ ಹಿಂದಿರುಗಲಿ ಎಂದು ಆಗ ಬೆಂಗಳೂರಲ್ಲಿ ಎಷ್ಟೋ ಜನ ಹೀಗೆ ಬರೆದಿದ್ದರು. ಅತ್ತೆಯವರಿಗೆ ಧೈರ್ಯ ಬರುವವರೆಗೆ ಅಳಿಸಬೇಡಿ, ಪಾಪ.

ಗೂಬೆಮರಿ ಹಾರಲು ಸುಮಾರು ಎರಡು ತಿಂಗಳು ಬೇಕು. ಸದ್ದು ನಿಂತ ವಾರದ ಮೇಲೆ, ಗೂಡು ಖಾಲಿಯೆಂದು ಖಾತ್ರಿ ಮಾಡಿಕೊಂಡು ಸಂದಿಗೆ ಜಾಲರಿ ಹೊಡೆಸಿ.