ದೋಸೆ ಮೇಲೆ ಚಂದ್ರಲೋಕ ಕಾಣ್ಬೇಕಾ?

ಪ್ರಶ್ನೆ: ಸಾರ್, ತಿಂಡಿನ ಹತ್ತಿರದಿಂದ ಫೋಟೋ ತೆಗೆದು ಬೆಟ್ಟ, ಮರುಭೂಮಿ, ಬೇರೆ ಗ್ರಹ ಅಂತೆಲ್ಲ ತೋರಿಸ್ತಾರಲ್ಲ, ನಾನೂ ಮೊಬೈಲ್ ಮ್ಯಾಕ್ರೋ ಮೋಡಲ್ಲಿ ದೋಸೆ ತೆಗ್ದೆ. ಎಷ್ಟು ಹತ್ರ ಹೋದ್ರೂ ದೋಸೆ ದೋಸೆ ಥರಾನೇ ಕಾಣುತ್ತೆ. ದೊಡ್ಡ ಕ್ಯಾಮೆರಾನೇ ಬೇಕಾ?
(ಓದುಗರು, ತಿಪಟೂರು)

ಉತ್ತರ: ಕ್ಯಾಮೆರಾ ಆಮೇಲೆ ನೋಡೋಣ, ಮೊದ್ಲು ಫ್ಲ್ಯಾಶ್ ಆಫ್ ಮಾಡಿ, ಟ್ಯೂಬ್‌ಲೈಟೂ ಆರಿಸಿ. ನೇರ ಬೆಳಕಲ್ಲಿ ನೆರಳು ಬೀಳಲ್ಲ, ನೆರಳಿಲ್ದೆ ಹಳ್ಳ ದಿಣ್ಣೆ ಗೊತ್ತಾಗಲ್ಲ. ಹುಣ್ಣಿಮೆ ದಿನ ಚಂದ್ರನ ಕುಳಿಗಳು ಮಂಕಾಗಿರ್ತವೆ, ಅಷ್ಟಮಿ ಹೊತ್ತಿಗೆ ಬೆಳಕು ಕತ್ತಲೆ ಸೇರೋ ಗೆರೆ ಹತ್ರ ಎದ್ದು ಕಾಣ್ತವಲ್ಲ, ಕಾರಣ ಅದೇ. ಹಾಗಾಗಿ ಟಾರ್ಚನ್ನ ತಟ್ಟೆ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬಿಡಿ, ಗುಳ್ಳೆ ಒಡೆದು ಆದ ದೋಸೆ ತೂತುಗಳು ಒಂದೊಂದೂ ಕುಳಿ ಆಗುತ್ತೆ.

ಆದ್ರೆ ಗುಟ್ಟಿರೋದು ಬ್ಲರ್‌ನಲ್ಲಿ. ಬೆಟ್ಟದ ಮೇಲಿಂದ ತೆಗೆದ ಫೋಟೋದಲ್ಲಿ ದೂರದವರೆಗೂ ಎಲ್ಲ ಶಾರ್ಪ್ ಇರುತ್ತೆ, ಮ್ಯಾಕ್ರೋದಲ್ಲಿ ಕೆಲವೇ ಮಿಲಿಮೀಟರ್ ಶಾರ್ಪ್, ಉಳಿದಿದ್ದೆಲ್ಲ ಮಸುಕು, ಅದನ್ನ ನೋಡಿದ ತಕ್ಷಣ ಕಣ್ಣು ಇದೇನೋ ಚಿಕ್ಕ ವಸ್ತು ಅಂತ ಹಿಡಿದುಬಿಡುತ್ತೆ. (ನಿಜವಾದ ಊರಿನ ಫೋಟೋಗೆ ಮೇಲೂ ಕೆಳಗೂ ಬ್ಲರ್ ಹಾಕಿದ್ರೆ ಊರೇ ಆಟಿಕೆ ಥರ ಕಾಣುತ್ತೆ, ಮಾಡಿ ನೋಡಿ.) ಅದಕ್ಕೇ ಫೋಕಸನ್ನ ಮುಂದಿನಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪ ಸರಿಸ್ತಾ ಹಲವು ಫೋಟೋ ತೆಗೆದು ಆಪ್‌ನಲ್ಲಿ ಸೇರಿಸ್ತಾರೆ, ಫೋಕಸ್ ಸ್ಟ್ಯಾಕಿಂಗ್ ಅಂತಾರೆ. ಫೋನ್ ಅಲ್ಲಾಡಬಾರ್ದು, ಟ್ರೈಪಾಡ್ ಇಲ್ದಿದ್ರೆ ಅಕ್ಕಿ ಡಬ್ಬಕ್ಕೆ ಒರಗಿಸಿ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ಸಿದ್ರೆ ಸ್ವಲ್ಪ ಹಿಂದೆ ಸರಿದು ತೆಗೆದು ಆಮೇಲೆ ಕ್ರಾಪ್ ಮಾಡಿ, ಅಷ್ಟಕ್ಕೇ ಶಾರ್ಪ್ ಜಾಗ ಹೆಚ್ಚುತ್ತೆ. ತಟ್ಟೆ ಅಂಚು, ಚಟ್ನಿಯ ಸಾಸಿವೆ ಮಾತ್ರ ಫ್ರೇಮಲ್ಲಿ ಬರ್ಲೇಬಾರ್ದು, ಒಂದು ಸಾಸಿವೆ ಕಂಡ್ರೂ ಅಳತೆ ಗೊತ್ತಾಗಿ ಆಟ ಮುಗೀತು.

ಪ್ರಶ್ನೆ: ದೋಸೆ ಬಿಟ್ರೆ ಯಾವುದು ಚೆನ್ನಾಗಿ ಬರುತ್ತೆ?

ಉತ್ತರ: ನನ್ನ ಕೇಳಿದ್ರೆ ದೋಸೆಗಿಂತ ಮೈಸೂರು ಪಾಕೇ ಮೇಲು, ಮುರಿದ ಬದಿ ತೆಗೀರಿ, ಕೆಂಪು ಕಲ್ಲಿನ ಕ್ವಾರಿ ಗೋಡೆ ಎದುರು ನಿಂತ ಹಾಗಿರುತ್ತೆ. ಆರಿದ ಮುದ್ದೆಯ ಬಿರುಕು, ಹಾಲಿನ ಕೆನೆ ಸುಕ್ಕೂ ನಡೆಯುತ್ತೆ. ಕೆನೆ ಸುಕ್ಕಿಗೆ ಪಕ್ಕದ ಬೆಳಕು ಕೊಟ್ರೆ ಗುರುಗ್ರಹದ ಚಂದ್ರ ಯೂರೋಪಾದ ಹಿಮದ ಬಿರುಕುಗಳು ನೆನಪಾಗ್ತವೆ.

ಪ್ರಶ್ನೆ: ಹೀಗೆ ಹಾಕೋದು ಮೋಸ ಅಲ್ವಾ ಸಾರ್?

ಉತ್ತರ: 2022ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಎಟಿಯೆನ್ ಕ್ಲೈನ್ ಚೊರಿಜೊ ಅನ್ನೋ ಸಾಸೇಜಿನ ಒಂದು ತುಂಡನ್ನ ಕಪ್ಪು ಹಿನ್ನೆಲೆಯಲ್ಲಿ ಟ್ವಿಟರ್‌ಗೆ ಹಾಕಿ, ಇದು 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ, ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ತೆಗೆದಿದ್ದು ಅಂದ್ರು. ವೆಬ್‌ನ ಮೊದಲ ಚಿತ್ರಗಳು ಬಂದು ತಿಂಗಳೂ ಆಗಿರ್ಲಿಲ್ಲ, ಎಷ್ಟೋ ಜನ ನಂಬಿಬಿಟ್ರು, ಕೊನೆಗೆ ತಮಾಷೆಗೆ ಹಾಕಿದ್ದು ಅಂತ ಅವರೇ ಕ್ಷಮೆ ಕೇಳ್ಬೇಕಾಯ್ತು. ನೀವು ಕ್ಯಾಪ್ಷನ್‌ನಲ್ಲಿ ಮೈಸೂರು ಪಾಕ್ ಅಂತ ಬರೆದುಬಿಡಿ, ಗೊತ್ತಾದ್ಮೇಲೂ ಜನ ಜೂಮ್ ಮಾಡಿ ಮಾಡಿ ನೋಡ್ತಾರೆ.